ಮುಳುಗಬೇಕಾದ ಕಾರು

ಏಪ್ರಿಲ್ ಬಂತೆಂದರೆ ಊರಿನವರ ಬಾಯಲ್ಲಿ ಒಂದೇ ಮಾತು: ಕಾರು ಯಾವತ್ತು ಮುಳುಗುತ್ತದೆ? ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ ಕಲ್ಲಿನಂತೆ ಗಟ್ಟಿಯಾದಾಗ ಬೆಂಕಿ ಆರಿಸುವ ತಂಡದವರು ಒಂದು ಹಳೇ ಕಾರನ್ನು ತಳ್ಳಿಕೊಂಡು ಹೋಗಿ ನಡುವೆ ನಿಲ್ಲಿಸುತ್ತಿದ್ದರು. ಎಂಜಿನ್ನು, ಎಣ್ಣೆ, ಪೆಟ್ರೋಲ್ ಟ್ಯಾಂಕು ಎಲ್ಲ ಮೊದಲೇ ಕಳಚಿ, ಆಮೇಲೆ ಎಳೆದು ತೆಗೆಯಲೆಂದು ದಪ್ಪ ಸರಪಳಿಯೊಂದನ್ನು ದಡದ ಮರಕ್ಕೆ ಬಿಗಿಯುತ್ತಿದ್ದರು. ಮಂಜುಗಡ್ಡೆ ಕರಗಿ ಕಾರು ಮುಳುಗುವ ದಿನವನ್ನು ಸರಿಯಾಗಿ ಊಹಿಸಿದವರಿಗೆ ಬಹುಮಾನ.

ಈ ಸಲದ ಕಾರು ಸೆಲ್ಮರ್ ಟ್ವೇಟ್‌ನದು. ತಿಳಿ ಹಸಿರು ಬಣ್ಣದ ಪುಟ್ಟ ರ‍್ಯಾಂಬ್ಲರ್. ಮಿಕ್ಕವರೆಲ್ಲ ಹಡಗಿನಂಥ ಕಾರುಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಚೀಸ್ ಕಾರ್ಖಾನೆಯ ಸಂಬಳದಿಂದ ಕೊಂಡದ್ದು. ಕಡಿಮೆ ಕುಡಿದು ಹೆಚ್ಚು ದುಡಿಯುವ ಅಳಿಯನಂಥ ಕಾರು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದರ ಮುಂದಿನ ಸೀಟನ್ನು ಹಿಂದಕ್ಕೆ ಮಲಗಿಸಿದರೆ ಹಾಸಿಗೆಯೇ ಆಗುತ್ತಿತ್ತು. ಅದಕ್ಕೇ, ಮುಂದೆ ಅವನ ಹೆಂಡತಿಯಾದ ಆರ್ಡಿಸಳ ಅಪ್ಪ, ಆ ಕಾರಿನ ಹುಡುಗ ತನ್ನ ಅಂಗಳಕ್ಕೆ ಕಾಲಿಡಕೂಡದು ಎಂದಿದ್ದ. ಸೆಲ್ಮರ್ ಸೀಟಿನ ಸಂದಿಗೆ ಮರದ ತುಂಡೊಂದನ್ನು ಬಡಿದು, “ಇನ್ನಿದು ಮಲಗಲ್ಲ, ಬಂದು ನೋಡಿ” ಎಂದು ಮುದುಕನಿಗೆ ತೋರಿಸಿದ ಮೇಲೆಯೇ ಹುಡುಗಿ ಹೊರಟದ್ದು. ಊರು ದಾಟಿದ ಕೂಡಲೇ ಆ ತುಂಡನ್ನು ಕಿತ್ತು ಕಿಟಕಿಯಿಂದಾಚೆ ಎಸೆದವಳು ಆರ್ಡಿಸಳೇ.

ಅದೇ ಸೀಟಿನ ಮೇಲೆ ಹೊಸ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಹಾಗಾಗಿ ತಂಡದ ಮುಖ್ಯಸ್ಥ ಲೈಲ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಸೀಟು ಬಿಚ್ಚಲು ಬಂದಾಗ ಸೆಲ್ಮರ್ ಅಡ್ಡ ನಿಂತ.

“ಸೀಟು ಇರ್ಲಿ ಲೈಲ್. ಹೋಗೋದಾದ್ರೆ ಸಿಂಗಾರ ಮಾಡ್ಕೊಂಡೇ ಹೋಗ್ಲಿ.”

“ಮೀನುಗಳು ಮಲಗೋಕಾ?” ಲೈಲ್ ನಕ್ಕ. “ಆಯ್ತು ಮಾರಾಯ, ನಿನ್ನ ಕಾರು, ನಿನ್ನ ಹುಚ್ಚು.”

ಆಗ ಅದು ತಪ್ಪೆಂದು ಇಬ್ಬರಿಗೂ ಹೊಳೆಯಲಿಲ್ಲ. ಪಂದ್ಯದಲ್ಲಿ ಸೆಲ್ಮರ್ ತಿಂಗಳ ಕಡೇ ದಿನವನ್ನೇ ಬರೆಸಿದ. ಗೆಲ್ಲುವ ಆಸೆಯಿಂದಲ್ಲ. ಆದಷ್ಟು ದಿನ ಅದು ನಿಂತಿರಲಿ ಎಂದು.

ಆರ್ಡಿಸಳ ನೆನಪು ಆ ಹೊತ್ತಿಗೆ ತೂತುಬಿದ್ದ ಕೊಡವಾಗಿತ್ತು. ಮಗಳ ಹೆಸರು ಸೋರಿ ಹೋಗಿತ್ತು, ಒಲೆ ಆರಿಸುವುದು ಸೋರಿ ಹೋಗಿತ್ತು. ಕಾರು ಮಾತ್ರ ಉಳಿದಿತ್ತು. ದಿನವಿಡೀ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೆರೆಯನ್ನೇ ನೋಡುತ್ತಿದ್ದಳು.

“ಕಾರು ತಂದು ನಿಲ್ಸಿದಾನೆ. ಕಾಯ್ತಿದಾನೆ.”

“ಯಾರು?”

“ಸೆಲ್ಮರ್” ಎನ್ನುತ್ತಿದ್ದಳು, ಸೆಲ್ಮರನಿಗೇ.

ಅವನು ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದ. ಆದರೆ ಬೆಚ್ಚನೆಯ ತೆಂಕಣ ಗಾಳಿ ಬೀಸಿ ಗಡ್ಡೆಯೆಲ್ಲ ಕಪ್ಪಿಟ್ಟು, ಲೈಲ್ ದಡಕ್ಕೆಲ್ಲ ಹಗ್ಗ ಕಟ್ಟಿ ಯಾರೂ ಇಳಿಯಬಾರದೆಂದು ಸಾರಿದ ದಿನವೇ, ಸೌದೆ ತರಲು ಹೋದವನು ಚಿಲಕ ಮರೆತ. ಬಂದು ನೋಡಿದರೆ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಮನೆಯೊಳಗೆ ಹಾಕುವ ಚಪ್ಪಲಿಯ ಗುರುತು ಹಗ್ಗದಡಿ ನುಸುಳಿ, ನೆನೆದು ಮೆತ್ತಗಾದ ಗಡ್ಡೆಯ ಮೇಲೆ ನೇರ ಕಾರಿನತ್ತ ಹೋಗಿತ್ತು.

ಸೆಲ್ಮರ್ ಓಡಲಿಲ್ಲ. ಕರಗಿ ಟೊಳ್ಳಾದ ಗಡ್ಡೆಯ ಮೇಲೆ ಓಡಿದವನನ್ನು ಕೆರೆ ಬಿಡುವುದಿಲ್ಲ. ಲೈಲ್‌ಗೆ ಫೋನ್ ಮಾಡೆಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿ, ಅಂಗಳದಲ್ಲಿ ಮಗುಚಿಟ್ಟಿದ್ದ ತಗಡಿನ ದೋಣಿಯ ಅಂಚು ಹಿಡಿದು ತಳ್ಳುತ್ತ ಹೊರಟ. ಕಾಲಡಿ ಗಡ್ಡೆ ಹಳೇ ಮಂಚದಂತೆ ನರಳುತ್ತಿತ್ತು.

ಆರ್ಡಿಸ್ ತನ್ನ ಜಾಗದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಎಷ್ಟು ಹೊತ್ತೋ ಕಾಯ್ಸೋದು? ಬೇಗ ಹತ್ತು.”

“ಇಳಿ ಚಿನ್ನಾ, ಮನೆಗೆ ಹೋಗೋಣ.”

“ಮನೆಗೆ ಹೋಗೋಕೇ ಕೂತಿದೀನಿ. ಓಡಿಸು!”

ತೋಳು ಹಿಡಿದೆಳೆದ. ಅವಳು ಕಿರುಚಿ ಸೀಟನ್ನು ತಬ್ಬಿಕೊಂಡಳು. ಕಾರು ಅಲುಗಿತು. ಕೆಳಗೆಲ್ಲೋ ಗಡ್ಡೆ ಬಿರಿದು ಕೋವಿ ಹಾರಿದಂಥ ಸದ್ದಾಗಿ, ಆ ಸದ್ದು ಕೆರೆಯ ಉದ್ದಕ್ಕೂ ಓಡಿತು. ಅವನು ಕೈಬಿಟ್ಟ. ದೋಣಿಯನ್ನು ಅವಳ ಬಾಗಿಲಿಗೆ ಒತ್ತಿ ನಿಲ್ಲಿಸಿ, ಸುತ್ತಿ ಬಂದು, ಉಸಿರು ಬಿಗಿಹಿಡಿದು ಸ್ಟೇರಿಂಗ್ ಹಿಂದೆ ಕೂತ. ಅವನ ಭಾರಕ್ಕೆ ಕಾರಿನ ಮೂತಿ ಮೆಲ್ಲಗೆ ತಗ್ಗಿತು.

“ಹೊರಟ್ವಿ” ಎಂದ. ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿದ. “ಕಣಜ ದಾಟ್ತು. ಇಗರ್ಜಿ ದಾಟ್ತು. ಮನೆ ಬಂತು, ಇಳಿ.”

“ಸುಳ್ಳ! ಸೇತುವೆ ಎಲ್ಲೋ?”

“ಹಾಂ, ಸೇತುವೆ. ಬರ್ತಿದೆ.”

“ನಿಧಾನ. ಮಗು ಮಲಗಿದೆ.”

ಅವನ ಬೂಟಿನ ಸುತ್ತ ನೀರು ತಣ್ಣಗೆ ಏರುತ್ತಿತ್ತು. ಅವಳು ಅವನ ಭುಜಕ್ಕೆ ತಲೆಯಾನಿಸಿದಳು. “ಅಪ್ಪನಿಗೆ ಆ ತುಂಡಿನ ವಿಷಯ ಹೇಳ್ಬೇಡ” ಎಂದು ಪಿಸುಗುಟ್ಟಿದಳು. ತಿಂಗಳುಗಟ್ಟಲೆ ಅವಳು ಅವನನ್ನು ಹೀಗೆ ಗುರುತಿಸಿರಲಿಲ್ಲ. ಒಂದು ಗಳಿಗೆ ಸೆಲ್ಮರನಿಗೆ ಇಳಿಯುವುದೇ ಬೇಡವೆನಿಸಿತು. ತನಗೆ ಹಾಗೆನಿಸಿತಲ್ಲ ಎಂದು ನೀರಿಗಿಂತ ಹೆಚ್ಚು ಭಯವಾಯಿತು.

ಹಿಂದೆಲ್ಲ ಮನೆ ತಲುಪಿದಾಗ ಮಾಡುತ್ತಿದ್ದಂತೆ ಡ್ಯಾಶ್‌ಬೋರ್ಡನ್ನು ತಟ್ಟಿ ಗಟ್ಟಿಯಾಗಿ ಹೇಳಿದ: “ಭಲೇ ಕುದುರೆ!”

ಆರ್ಡಿಸ್ ಕೂಡಲೇ ಕೈಚೀಲ ಎತ್ತಿಕೊಂಡು, ತಾನೇ ಬಾಗಿಲು ತೆರೆದು ದೋಣಿಗೆ ಇಳಿದಳು.

ದೋಣಿಯನ್ನು ತಳ್ಳಿಕೊಂಡು ಬರುವಾಗ ದಡದ ಹತ್ತಿರ ಗಡ್ಡೆ ಬಾಯ್ಬಿಟ್ಟು ಸೆಲ್ಮರ್ ಸೊಂಟದವರೆಗೆ ಇಳಿದುಹೋದ. ದೋಣಿಯ ಅಂಚನ್ನು ಬಿಡದ್ದರಿಂದ ಬದುಕಿದ. ಲೈಲ್ ಕೊಕ್ಕೆ ಹಾಕಿ ಇಬ್ಬರನ್ನೂ ಎಳೆದುಕೊಂಡು, ಬೈಯುತ್ತಲೇ ಕಂಬಳಿ ಹೊದಿಸಿದ.

“ಆ ಕಾರು ಮುಳುಗಿಸ್ಬಿಡು ಲೈಲ್. ಇವತ್ತೇ.”

“ಅಲ್ಲಿಗೆ ಹೋಗೋನು ಯಾರೋ? ಈ ಬಿಸಿಲಿಗೆ ನಾಳೆ ತಾನೇ ಹೋಗುತ್ತೆ, ಬಿಡು.”

ಆರ್ಡಿಸ್ ಕಂಬಳಿಯೊಳಗಿಂದ ಕತ್ತು ಚಾಚಿ ನೋಡಿದಳು. “ಕಾರು ಅಲ್ಲೇ ಬಿಟ್ಬಂದ್ಯಾ, ಪೆದ್ದ? ಇರ್ಲಿ, ಬೆಳಿಗ್ಗೆ ನಾನೇ ತರ್ತೀನಿ.”

ಮನೆಗೆ ಬಂದವನೇ ಸೆಲ್ಮರ್ ಚಿಲಕದ ಮೇಲೆ ಹಲಗೆ ಬಡಿದ. ಕಿಟಕಿಯ ಬಳಿ ಅವಳ ಕೈ ಹಿಡಿದು ಕೂತು, ಇಷ್ಟು ದಿನ ನಿಂತಿರಲೆಂದು ಬೇಡಿಕೊಂಡಿದ್ದ ಕಾರು ಈಗ ಹೋಗಲಿ, ಈಗ ಹೋಗಲಿ ಎಂದು ಬೇಡಿಕೊಂಡ. ಮೂತಿ ತಗ್ಗಿಸಿದ ಹಸಿರು ಕಾರು ಅಲ್ಲೇ ನಿಂತಿತ್ತು.

ಸಂಜೆಗೆ ಗಾಳಿ ತಿರುಗಿ ಬಡಗಣದಿಂದ ಬೀಸತೊಡಗಿತು. ಕಿಟಕಿಯ ಗಾಜಿನ ಮೂಲೆಯಲ್ಲಿ ಹಿಮದ ಹೂ ಮೂಡಿತು. ಕೆರೆ ನರಳುವುದನ್ನು ನಿಲ್ಲಿಸಿ, ಸದ್ದಿಲ್ಲದೆ, ಮತ್ತೆ ಗಟ್ಟಿಯಾಗತೊಡಗಿತು.