ಇಳಿಯಲು ಹತ್ತು ನಿಮಿಷ

ಸಮುದ್ರ ಎಷ್ಟು ದೂರ ಎಂದು ಯಾರು ಕೇಳಿದರೂ ನಮ್ಮ ಊರಿನವರು ಹತ್ತು ನಿಮಿಷ ಎನ್ನುತ್ತೇವೆ. ಅದು ಇಳಿಯುವ ಲೆಕ್ಕ. ಗುಡ್ಡದ ನೆತ್ತಿಯಿಂದ ಮರಳ ದಂಡೆಯವರೆಗೆ ಮೆಟ್ಟಿಲುಗಳಿವೆ, ನಾನೂರೋ ಐನೂರೋ, ಎಣಿಸಿದವರಿಲ್ಲ. ವಾಪಸು ಹತ್ತುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತುವುದೆಂದರೆ ಮನೆಗೆ ಬರುವುದು. ಮನೆಗೆ ಬರಲು ಗಡಿಯಾರ ನೋಡುವವರುಂಟೇ?

ಆದ್ದರಿಂದ ಮಾರ್ಚಿನಲ್ಲಿ ದೂರದ ಥೆಸಲೊನೀಕಿ ನಗರದಿಂದ ಎವ್ದೊಕಿಯಾ ಎಂಬ ಹೆಂಗಸು ಫೋನ್ ಮಾಡಿ, ನನ್ನ ಬಾಡಿಗೆ ಕೋಣೆಯಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ಸುಳ್ಳಲ್ಲ. ಬಾಯಿಗೆ ಬಂದದ್ದು ಅದೇ. ನನ್ನ ತಪ್ಪು ಶುರುವಾದದ್ದು ಆಮೇಲೆ.

"ಸದ್ಯ, ಬದುಕಿದೆ!" ಎಂದಳು ಆಕೆ. "ನಮ್ಮ ಯಜಮಾನ್ರಿಗೆ ಹಾರ್ಟ್ ಆಪರೇಷನ್ ಆಗಿದೆ ಕಣ್ರೀ. ವರ್ಷವಿಡೀ ಹಾಸಿಗೆ ಮೇಲೆ ಒಂದೇ ಜಪ, ಸಮುದ್ರದಲ್ಲಿ ಈಜಬೇಕು ಅಂತ. ಹತ್ತೇ ನಿಮಿಷ ಆದ್ರೆ ದಿನಕ್ಕೆ ಎರಡು ಸಲ ಹೋಗಿ ಬರ್ಬಹುದು."

ಮೆಟ್ಟಿಲುಗಳಿವೆ ಎಂದು ಆಗಲೇ ಹೇಳಬೇಕಿತ್ತು. ನುಂಗಿಕೊಂಡೆ. ಗಂಡ ಹೋದ ಮೇಲೆ ಅವನ ಬಲೆ, ಹಗ್ಗಗಳನ್ನೆಲ್ಲ ಹೊರಗೆ ಹಾಕಿ, ಸುಣ್ಣ ಬಳಿದು, ಕಿಟಕಿ ಬಾಗಿಲಿಗೆ ನಾನೇ ನೀಲಿ ಬಣ್ಣ ಹಚ್ಚಿ ಮಾಡಿದ ಕೋಣೆ ಅದು. ಎರಡು ಬೇಸಿಗೆ ಖಾಲಿ ಬಿದ್ದಿತ್ತು. ಪಕ್ಕದ ಮನೆಯ ಕಲಿಯೋಪಿ ದಿನವೂ ಗೋಡೆಯಾಚೆಯಿಂದ, "ಏನೇ ಗರುಫಲಿಯಾ, ಈ ವರ್ಷಾನೂ ನಿನ್ನ ಹೊಸ ಮಂಚಕ್ಕೆ ಬೆಕ್ಕೇ ಗಿರಾಕಿನಾ?" ಎನ್ನುತ್ತಿದ್ದಳು. ಅವಳ ಬಾಯಿ ಮುಚ್ಚಿಸಬೇಕೆಂಬ ಛಲ ನನ್ನ ಬಾಯಿಯನ್ನು ಮುಚ್ಚಿಸಿತು.

ಎವ್ದೊಕಿಯಾ ಪ್ರತಿ ಭಾನುವಾರ ಫೋನ್ ಮಾಡತೊಡಗಿದಳು. ದಂಡೆಯಲ್ಲಿ ನೆರಳಿದೆಯೇ, ಅಲೆ ಜೋರೇ, ಬೆಳಗಿನ ನೀರು ತಣ್ಣಗಿರುತ್ತದೆಯೇ? ಎಲ್ಲಕ್ಕೂ ಸತ್ಯವನ್ನೇ ಹೇಳಿದೆ, ಒಂದನ್ನು ಬಿಟ್ಟು. ಮೇ ತಿಂಗಳಲ್ಲಿ ಆಕೆ ನಗುತ್ತ, "ಹಳದಿ ಈಜುಚಡ್ಡಿ ತಗೊಂಡಿದಾರೆ ಕಣ್ರೀ. ಮಗು ಥರ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಾರೆ" ಎಂದಳು. ಅವತ್ತು ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

"ಮೆಟ್ಟಿಲಿನ ವಿಷಯ ಹೇಳಿದ್ಯೇನೇ?" ಎಂದಳು ಕಲಿಯೋಪಿ.

"ಕೇಳಿದ್ರೆ ಹೇಳ್ತೀನಿ."

"ಕೇಳೋಕೆ ಅವ್ರಿಗೇನು ಕನಸು ಬೀಳುತ್ತಾ?"

ಜುಲೈಯಲ್ಲಿ ಬಂದರು. ಹಡಗುಕಟ್ಟೆ ಇರುವುದು ಗುಡ್ಡದ ಆಚೆ ಬದಿಗೆ. ಬಸ್ಸು ನೇರ ಮೇಲಿನ ಚೌಕಕ್ಕೇ ತಂದು ಬಿಡುತ್ತದೆ, ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಯಜಮಾನರ ಹೆಸರು ಪ್ರೊದ್ರೊಮೊಸ್, ಸಣಕಲು ಮೈ, ನಗುಮೊಗ. ಮರುದಿನ ಬೆಳಿಗ್ಗೆಯೇ ಹೆಗಲಿಗೆ ಟವೆಲ್ ಹಾಕಿಕೊಂಡು ಹೆಂಡತಿಯೊಂದಿಗೆ ಇಳಿದರು. ಅವರ ನಿಧಾನದ ನಡಿಗೆಗೂ ಹದಿನೈದು ನಿಮಿಷ ಮೀರಲಿಲ್ಲ. ಮಧ್ಯಾಹ್ನದವರೆಗೆ ಮಹಡಿಯಿಂದ ನೋಡುತ್ತಿದ್ದೆ, ನೀಲಿ ನೀರಲ್ಲಿ ಒಂದು ಹಳದಿ ಚುಕ್ಕೆ.

ಹತ್ತುವಾಗ ನೂರು ಮೆಟ್ಟಿಲೂ ಆಗಿರಲಿಲ್ಲ, ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ಸಿಮೆಂಟು ಹೊರುವ ಮಾಂಥೋಸನ ಹೇಸರಗತ್ತೆಯನ್ನು ನಾನೇ ಓಡಿಹೋಗಿ ಕರೆಸಿದೆ. ಅದರ ಕುತ್ತಿಗೆ ತಬ್ಬಿಕೊಂಡು, ಒದ್ದೆ ಚಡ್ಡಿಯಲ್ಲಿ, ಚೌಕದ ಕಾಫಿ ಅಂಗಡಿಯ ಮುದುಕರ ಎದುರಿಗೇ ಹಾದು ಬಂದರು.

"ಏನೋ ಮಾಂಥೋಸ್, ಇವತ್ತು ಸಿಮೆಂಟ್ ಬರ್ಲಿಲ್ವಾ?" ಎಂದ ಒಬ್ಬ. ಎಲ್ಲರೂ ನಕ್ಕರು. ಪ್ರೊದ್ರೊಮೊಸರೂ ನಕ್ಕರು, ತಲೆ ಮಾತ್ರ ಎತ್ತಲಿಲ್ಲ.

ದಿನವೂ ಹೇಸರಗತ್ತೆ ಕರೆಸುತ್ತೇನೆ ಎಂದೆ. "ಬೇಡಮ್ಮಾ, ನಾನೇನು ಮೂಟೆನಾ?" ಎಂದರು. ಅಷ್ಟೇ. ಮಾರನೆಯ ದಿನದಿಂದ ಹಳದಿ ಚಡ್ಡಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು, ನನ್ನ ಮಹಡಿಯ ಮೇಲೆ ಕುರ್ಚಿ ಎಳೆದು ಸಮುದ್ರ ನೋಡುತ್ತ ಕೂರುತ್ತಿದ್ದರು. ಎವ್ದೊಕಿಯಾ ನನ್ನೊಡನೆ ಮಾತು ಬಿಟ್ಟಳು. ಅವರು ಮಾತ್ರ ಕಾಫಿ ಕೊಟ್ಟಾಗಲೆಲ್ಲ "ನಿಮ್ಮ ಕೈರುಚಿ ಚೆನ್ನಾಗಿದೆ" ಎನ್ನುವರು. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯ ಬಂತು.

ಅವರು ಹಾಗೆ ಕೂರತೊಡಗಿದ ಐದನೆಯ ದಿನ ಬೆಳಕು ಹರಿಯುತ್ತಲೇ ಎರಡು ಕ್ಯಾನು ಹಿಡಿದು ಇಳಿದೆ. ಸಮುದ್ರದ ನೀರು ತುಂಬಿಕೊಂಡು ಹತ್ತಿದೆ. ಹುಟ್ಟಿದಾಗಿನಿಂದ ಮೊದಲ ಸಲ ಹತ್ತುವಾಗ ಗಡಿಯಾರ ನೋಡಿದೆ. ಬೋಗುಣಿಗೆ ನೀರು ಸುರಿದು ಅವರ ಮುಂದಿಟ್ಟೆ. ಕಾಲು ಇಳಿಬಿಟ್ಟು ಕಣ್ಣು ಮುಚ್ಚಿದರು.

"ಹತ್ತೋಕೆ ಎಷ್ಟು ಹೊತ್ತಾಯ್ತಮ್ಮಾ?"

"ಐವತ್ತು ನಿಮಿಷ. ಗಡಿಯಾರ ನೋಡಿದ್ದು ಇವತ್ತೇ ಮೊದಲು."

"ಕೇಳಿಸ್ತೇನೇ ಎವ್ದೊಕಿಯಾ?" ಎಂದು ಕೋಣೆಯತ್ತ ಕೂಗಿದರು. "ನಾನು ಹೇಳ್ಲಿಲ್ವಾ? ಇವತ್ತೇ ಗಡಿಯಾರ ನೋಡಿದಾರೆ, ಪಾಪ. ಇವ್ರಿಗೆಲ್ಲ ಹತ್ತೋದು ಲೆಕ್ಕಕ್ಕೇ ಇಲ್ಲ." ನನ್ನತ್ತ ತಿರುಗಿ, "ನಾಲ್ಕು ದಿನದಿಂದ ನಿಮ್ಮ ಪರವಾಗಿ ಇವಳ ಹತ್ರ ಜಗಳ ಆಡ್ತಿದೀನಿ. ಹತ್ತೋದು ನಂಗೆ ಇಷ್ಟು ಕಷ್ಟ ಅಂತ ಆಕೆಗೆ ಗೊತ್ತಿರ್ಲಿಲ್ಲ, ಬೇಕಂತ ಮಾಡಿದ್ದಲ್ಲ ಅಂತ" ಎಂದರು.

ಸುಮ್ಮನಿದ್ದರೆ ಬಚಾವಾಗುತ್ತಿದ್ದೆ. ಸುಮ್ಮನಿರಲು ಆಗಲಿಲ್ಲ.

"ಗೊತ್ತಿತ್ತು," ಎಂದೆ. "ಆಪರೇಷನ್ ವಿಷಯ ಮಾರ್ಚಲ್ಲೇ ಹೇಳಿದ್ರು. ಮೆಟ್ಟಿಲಿನ ವಿಷಯ ಹೇಳಿದ್ರೆ ನೀವು ಬರ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

ಅವರ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ದಾರಿ ತಪ್ಪಿದ ಹಾಗೆ ಮುಖದ ಮೇಲೇ ನಿಂತಿತ್ತು. ಆಮೇಲೆ ಒಂದೊಂದೇ ಕಾಲು ಹೊರಗೆ ತೆಗೆದು, ನಾಲ್ಕು ದಿನದಿಂದ ಒಣಗಿಯೇ ಇದ್ದ ಟವೆಲಿನಿಂದ ಒರೆಸಿಕೊಂಡರು.

"ನಾಳೆ ನೀರು ತರ್ಬೇಡಿ," ಎಂದರು. ಅಮ್ಮಾ ಎನ್ನಲಿಲ್ಲ.

ಮರುದಿನವೂ ನೀರು ತಂದೆ. ಮಹಡಿಯ ಮೇಲೆ ಕುರ್ಚಿ ಇರಲಿಲ್ಲ. ನಾನೇ ಬಣ್ಣ ಹಚ್ಚಿದ ನೀಲಿ ಕಿಟಕಿ ಒಳಗಿನಿಂದ ಮುಚ್ಚಿತ್ತು. ಉಪ್ಪುನೀರು ಗಿಡಕ್ಕೂ ಆಗದು. ಕ್ಯಾನುಗಳನ್ನು ಹೊತ್ತು ಮತ್ತೆ ಇಳಿದೆ, ಸಮುದ್ರಕ್ಕೇ ಸುರಿದೆ. ವಾಪಸು ಹತ್ತುವಾಗ ಮೆಟ್ಟಿಲು ಎಣಿಸಿದೆ. ನಾನೂರ ಹದಿನೇಳು.