ಒಂದು ಜಾಸ್ತಿ

"ಸೊಟ್ಟ ಆತಲೇ! ಕಣ್ಣು ಕುಂಡ್ಯಾಗ ಅದಾವೇನ್ಲೇ ನಿಂಗ?"

ಏಣಿಯ ಮೇಲಿದ್ದ ವಿರುಪಾಕ್ಷ ಬೋರ್ಡನ್ನು ಎಡಕ್ಕೆ ಸರಿಸಿದ. ಕೆಳಗೆ ನಿಂತು ಬೈಯುತ್ತಿದ್ದವನು ಚಂದ್ರಶೇಖರ ಗೌಡ. ಪರದೇಶದ ಪ್ಯಾರಮಟ್ಟಾದಲ್ಲಿ ಹೋಟೆಲಿನ ಮಾಲೀಕ, ಅಲ್ಲಿಗೆ ವಲಸೆ ಬಂದ ಬಳ್ಳಾರಿಯವರ ಸಂಘಕ್ಕೆ ಅಧ್ಯಕ್ಷ. ಅವತ್ತು ಮಧ್ಯಾಹ್ನ ಪಕ್ಕದ ಗಿರಾವೀನ್‌ನ ಹಾಲ್‌ನಲ್ಲಿ ಸಂಘದ ಹಬ್ಬ. ಬೋರ್ಡಿನ ಮೇಲೆ ದಪ್ಪ ಅಕ್ಷರ: 'ಬ್ರಿಟಿಷರ ಕಾಲದ ಬಳ್ಳಾರಿ ಜಿಲ್ಲೆ: ಚರಿತ್ರೆ, ಜನಸಂಖ್ಯೆ'. ನಿಜಾಮ ಕಂಪನಿಗೆ ಬಿಟ್ಟುಕೊಟ್ಟದ್ದು, ಮದ್ರಾಸಿನ ಸರಕಾರ ಆಳಿದ್ದು, ಎಲ್ಲ ಇತ್ತು. ಅದರ ಕೆಳಗೆ, ಬಿಳಿಯರು ಜಾತಿ ಹಿಡಿದು ಎಣಿಸಿದ ತಲೆಗಳ ಪಟ್ಟಿ.

"ಆ ಮಾದಿಗರ ಸಾಲು ಮುಚ್ಚು. ಉಣ್ಣಾಕ ಬಂದ ಮಂದಿ ಎದುರಿಗೆ ಅದ್ಯಾಕ? ಹಂಗಂದ್ರೇನು ಅಂತ ಹುಡುಗ್ರು ಕೇಳ್ತಾವು."

ಬಿಳಿ ಕಾಗದ ಹಿಡಿದ ವಿರುಪಾಕ್ಷನ ಕೈ ನಿಂತೇಬಿಟ್ಟಿತು. ಅದು ಅವನದೇ ಸಾಲು. ಗೌಡರ ಬಾವಿಯಿಂದ ನೀರೆತ್ತುವ ತೊಗಲ ಬಾನಿ ಹೊಲಿದುಕೊಟ್ಟು, ಅದೇ ಬಾವಿ ಮುಟ್ಟದೆ ಸತ್ತ ಅವನ ಮುತ್ತಜ್ಜ ಆ ಅಂಕಿಯೊಳಗಿದ್ದ.

"ಯಾಕಲೇ, ಮೈಮ್ಯಾಗ ಬಂತೇನು?" ಚಂದ್ರಶೇಖರ ದನಿ ತಗ್ಗಿಸಿದ. "ನೀ ಯಾವ ಕೇರಿಯಾಂವ ಅಂತ ನಂಗೊಬ್ಬಂಗ ಗೊತ್ತೈತಿ. ನಮ್ಮ ಪೈಕಿ ಹುಡುಗ ಅಂತ ಹೇಳಿದ್ದಕ್ಕ ನಿನ್ನ ಕೈಯಡಿಗಿ ಉಣ್ತಾರ ಇವ್ರು. ಪಿಆರ್ ಲೆಟರ್ ಬೇಕೋ ಬ್ಯಾಡೋ, ಬೋಳಿಮಗನೆ?" ಎಂದು ಕೋಟಿನ ಜೇಬು ತಟ್ಟಿಕೊಂಡ.

ಬೇಕಿತ್ತು. ಅಡುಗೆ ಕೋರ್ಸು ಮುಗಿಸಿ ಮೂರು ವರ್ಷ ಇವನ ಒಲೆ ಮುಂದೆ ಬೆಂದದ್ದು, ಈ ದೇಶದಲ್ಲಿ ಕಾಯಂ ಉಳಿಯಲು ಮಾಲೀಕ ಬರೆದುಕೊಡಬೇಕಾದ ಆ ಒಂದು ಲೆಟರಿಗೆ. ವೀಸಾ ಮುಗಿಯಲು ಹನ್ನೆರಡೇ ದಿನ. ವಿರುಪಾಕ್ಷ ಅಂಟು ಹಚ್ಚಿ ತನ್ನವರ ಮೇಲೆ ಕಾಗದ ಒತ್ತಿದ. ಥೂ ನನ್ನ ಜನ್ಮಕ್ಕೆ, ಅಂದುಕೊಂಡ.

ಮಂದಿ ಸೇರಿತು. ಚಂದ್ರಶೇಖರನ ಮಗಳು ಅಮೂಲ್ಯಾ, ಹತ್ತು ವರ್ಷದ ಚುರುಕಿ, ಫೋನಿನಲ್ಲಿ ಅಂಕಿ ಕೂಡಿಸಿ ಎಲ್ಲರೆದುರೇ ಕೂಗಿದಳು: "ಡ್ಯಾಡ್, ಟೋಟಲ್ ಈಸ್ ರಾಂಗ್! ಸೋ ಮೆನಿ ಪೀಪಲ್ ಮಿಸ್ಸಿಂಗ್!"

ಸಾಲು ಮುಚ್ಚಿಸಿದ ಗೌಡನಿಗೆ ಅಡಿಯ ಒಟ್ಟು ಮೊತ್ತ ನೆನಪೇ ಆಗಿರಲಿಲ್ಲ. ನಗುತ್ತಲೇ ಬಂದು ವಿರುಪಾಕ್ಷನ ಕೈಗೆ ಮಾರ್ಕರ್ ಇಟ್ಟ. "ಪ್ರಿಂಟಿಂಗ್ ಮಿಸ್ಟೇಕ್. ಸ್ವಲ್ಪ ಸರಿ ಮಾಡಪ್ಪ."

ನಾಲ್ಕು ಜನರ ಮುಂದೆ ಅಪ್ಪ, ಇಲ್ಲದಿದ್ದರೆ ಬೋಳಿಮಗ! ಮುಚ್ಚಿದ ಅಂಕಿ ವಿರುಪಾಕ್ಷನಿಗೆ ಬಾಯಿಪಾಠವಾಗಿತ್ತು. ಹಾಲು ಕುಡಿಯುವ ಕೂಸುಗಳನ್ನೂ ಬಿಡದೆ ತನ್ನವರನ್ನೆಲ್ಲ ಕಳೆದ. ಹಳೆಯ ಮೊತ್ತ ಹೊಡೆದು ಹೊಸದು ಬರೆದ.

ಅಮೂಲ್ಯಾ ಮತ್ತೆ ಕೂಡಿಸಿದಳು. "ಅಂಕಲ್, ಸ್ಟಿಲ್ ರಾಂಗ್. ಒಂದು ಜಾಸ್ತಿ ಇದೆ."

"ಗೊತ್ತೈತವ್ವ."

"ಹೂ ಈಸ್ ಇಟ್?"

ವಿರುಪಾಕ್ಷ ಬಿಳಿ ಕಾಗದದ ಮೇಲೆ ಬೆರಳಿಟ್ಟ. "ನಾನು. ಈ ಸಾಲಿನಾಂವ. ಮಾದಿಗ."

ಅವನು ಕರಿದ ಮಿರ್ಚಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಒಬ್ಬಾಕೆ ತಟ್ಟೆಯನ್ನು ಮೆಲ್ಲಗೆ ಕಸದ ಬಿನ್ನಿಗೆ ಜಾರಿಸಿದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಸಾಲೇ ಹತ್ತಿತು.

ಚಂದ್ರಶೇಖರ ಬೈಯಲಿಲ್ಲ. ಲೆಟರ್ ಇದ್ದ ಜೇಬಿನ ಗುಂಡಿ ಹಾಕಿಕೊಂಡ.

"ಬಿನ್ ತುಂಬೈತಿ. ಹೊರಗ ಹಾಕಿ ಬಾ," ಎಂದ.