ಸೀಸದಲ್ಲಿ ಮಡಿಸಿದ ಪ್ರಶ್ನೆ

ಅತ್ತೆ ಕೊಟ್ಟ ತಗಡಿನ ಮಗು ಕಾರಿನ ಮುಂದಿನ ಖಾನೆಯಲ್ಲಿತ್ತು. ಹೆಬ್ಬೆರಳುದ್ದದ, ಬಟ್ಟೆ ಸುತ್ತಿದ ಕೂಸಿನ ಆಕಾರ. ರಜೆಗೆ ಹೊರಟ ನಮಗೆ, ದಾರಿಯಲ್ಲಿರುವ ಕ್ರೈಸ್ತ ಮಠದಲ್ಲಿ ದೇವಮಾತೆಯ ಚಿತ್ರಕ್ಕೆ ಅದನ್ನು ಕಟ್ಟಿ ಮಗುವಿಗಾಗಿ ಹರಕೆ ಹೊತ್ತುಕೊಳ್ಳಿ ಎಂದಿದ್ದರು. ನಮ್ಮ ಮದುವೆಯಾಗಿ ಒಂಬತ್ತು ವರ್ಷ. ಸ್ತೆರ್ಗಿಯೋಸ್ ಹೂಂ ಅಂದಿದ್ದ. ನಾನು ಅದನ್ನು ಖಾನೆಗೆ ಹಾಕಿ ಮುಚ್ಚಿದ್ದೆ. ನಮ್ಮೂರು ವೋಲೋಸ್ ಬಿಟ್ಟಾಗಿನಿಂದ ಪ್ರತಿ ತಿರುವಿನಲ್ಲೂ ಆ ತಗಡು ಸದ್ದು ಮಾಡುತ್ತಿತ್ತು.

ಮಠದ ಊರು ತಲುಪಿ, ಅದು ತೆರೆಯುವುದು ಸಂಜೆಗೆ ಎಂದು ತಿಳಿದಾಗ ಅಲ್ಲಿನ ಮ್ಯೂಸಿಯಂ ಕಡೆ ನಡೆದೆವು. ಬಾಗಿಲಿಗೆ ಬೀಗ. ಎದುರಿನ ಕಾಫಿ ಅಂಗಡಿಯಿಂದ ದಪ್ಪನೆಯ ಹೆಂಗಸೊಬ್ಬಳು ಕೀಲಿಗೊಂಚಲು ಆಡಿಸುತ್ತ ಬಂದಳು.

"ಈ ಬಿಸಿಲಲ್ಲಿ ಸಮುದ್ರ ಬಿಟ್ಟು ಇಲ್ಲಿಗೆ ಬಂದಿದೀರಲ್ಲ, ಜಗಳ ಆಡ್ಕೊಂಡ್ರಾ?"

"ಜಗಳ ಆಡೋಕೆ ಇವಳು ಬಾಯಿ ಬಿಡಬೇಕಲ್ಲ," ಅಂದ ಸ್ತೆರ್ಗಿಯೋಸ್.

"ಬಾಯಿ ಬಿಡದ ಹೆಂಡ್ತಿನಾ! ನನ್ನ ಗಂಡ, ಈ ವಾಯಾನ ಗಂಡ, ಕೇಳಿದ್ರೆ ಚರ್ಚಿಗೆ ಓಡಿ ಮೇಣದಬತ್ತಿ ಹಚ್ತಾನೆ ಕಣಪ್ಪ."

ಒಳಗೆ ಒಂದೇ ಕೋಣೆ, ತಂಪು. ಗೋಡೆ ಬದಿಯ ಗಾಜಿನ ಪೆಟ್ಟಿಗೆಯಲ್ಲಿ ಬೆರಳಗಲದ ಸೀಸದ ಪಟ್ಟಿಗಳಿದ್ದವು. ತೆಳು, ಬೂದು, ಮಡಿಕೆ ಬಿದ್ದ ಗೆರೆಗಳು.

"ಹಳೇ ಕಾಲದಲ್ಲಿ ಇಲ್ಲಿ ಭವಿಷ್ಯ ಹೇಳ್ತಿದ್ದ ಓಕ್ ಮರದ ದೇವರಿಗೆ ಜನ ಕೇಳಿದ ಪ್ರಶ್ನೆಗಳು," ಅಂದಳು ವಾಯಾ. "ಬರೆದು ಮಡಿಸಿ ಕೊಡ್ತಿದ್ರು, ಯಾರೂ ಓದಬಾರದು ಅಂತ. ಉತ್ತರ ಎಲ್ಲಿ ಅಂತ ಮಾತ್ರ ಕೇಳ್ಬೇಡಿ. ಬಂದೋರೆಲ್ಲ ಅದನ್ನೇ ಕೇಳ್ತಾರೆ. ಅದನ್ನ ಪೂಜಾರಿಗಳು ಬಾಯಲ್ಲಿ ಹೇಳ್ತಿದ್ರು, ಹೋಯ್ತು."

ಮೊದಲ ಪಟ್ಟಿಯಲ್ಲಿ ಒಬ್ಬ ತನ್ನ ಕಂಬಳಿ ಕದ್ದವರಾರು ಎಂದು ಕೇಳಿದ್ದ.

"ಪಕ್ಕದ ಮನೆಯೋನೇ. ಅದಕ್ಕೆ ದೇವರು ಯಾಕೆ ಬೇಕಿತ್ತು?" ಎಂದು ನಕ್ಕ ಸ್ತೆರ್ಗಿಯೋಸ್, ಮುಂದಿನ ಪಟ್ಟಿಗೆ ಬಾಗಿದ. ಅಕ್ಷರಗಳು ನಮ್ಮ ಗ್ರೀಕ್ ಅಕ್ಷರಗಳೇ. ಎರಡು ಸಾವಿರ ವರ್ಷಕ್ಕೂ ಹಳೆಯವು, ಆದರೂ ಶಾಲೆಯ ಹುಡುಗನಂತೆ ಕೂಡಿಸಿ ಕೂಡಿಸಿ ಓದಬಹುದಿತ್ತು. ಕೇಳಿದವನ ಹೆಸರಿದ್ದ ಮೂಲೆ ಮುರಿದಿತ್ತು.

"ಕೇಳುತ್ತಾನೆ... ಮೆಲಿತ್ತಳಿಂದ... ಈಗಿರುವ ಹೆಂಡತಿಯಿಂದ..."

ಅವನ ಓದು ಅಲ್ಲಿಗೇ ನಿಂತಿತು. ಉಳಿದದ್ದು ಕೆಳಗಿನ ವಿವರದ ಚೀಟಿಯಲ್ಲಿ ನನಗೆ ಕಂಡಿತು: ತನಗೆ ಮಕ್ಕಳಾಗುವುವೇ?

ಈಗಿರುವ ಹೆಂಡತಿ. ಆ ಮಾತು ಎಷ್ಟೋ ದಿನದಿಂದ ನಮ್ಮ ಊಟದ ಮೇಜಿನ ಮೇಲೆ ಇದ್ದಂತೆಯೇ ನನಗನ್ನಿಸಿತು. ಅತ್ತೆ ಫೋನಿನಲ್ಲಿ ದನಿ ತಗ್ಗಿಸಿದಾಗಲೆಲ್ಲ ನಾನು ಅದನ್ನು ಕೇಳಿಸಿಕೊಂಡಿದ್ದೆ. ಇಲ್ಲಿ ಅದನ್ನು ಯಾವನೋ ಸೀಸದಲ್ಲಿ ಗೀರಿ, ಬೆರಳಿನಿಂದ ಒತ್ತಿ ಮಡಿಸಿದ್ದ. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಮೆಲಿತ್ತಳಿಗೆ ಅದು ಗೊತ್ತೇ ಇರಲಿಲ್ಲವೇನೋ. ಅವನ ಹೆಸರು ಅಳಿದುಹೋಗಿತ್ತು. ಯಾರ ಮೇಲೆ ಅವನಿಗೆ ಸಂದೇಹವಿತ್ತೋ ಅವಳ ಹೆಸರು ಉಳಿದಿತ್ತು, ಈಗ ತಾನೇ ಗೀರಿದಷ್ಟು ಸ್ಪಷ್ಟವಾಗಿ. ಅಷ್ಟು ಹಿಂದಿನ ಕಾಲದಿಂದ ನನ್ನ ಭಯದ ಜೊತೆಗೆ ಇನ್ನೊಬ್ಬಳು ನಿಂತಿದ್ದಳು.

"ನೀನಾಗಿದ್ರೆ ಏನು ಬರೀತಿದ್ದೆ?" ಎಂದೆ.

ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಮಕ್ಕಳಾಗ್ತವಾ ಅಂತ ಕೇಳ್ತಿದ್ದೆ, ಥೆಕ್ಲಾ. ಸುಳ್ಳು ಹೇಳಲ್ಲ. ಆದ್ರೆ 'ಈಗಿರುವ' ಅಂತ ಬರೀತಿರಲಿಲ್ಲ. ನಿನ್ನ ಹೆಸರು ಬರೆದು ಅಲ್ಲಿಗೇ ನಿಲ್ಲಿಸ್ತಿದ್ದೆ."

ಹರಕೆ ಕಟ್ಟುವುದೋ ಬಿಡುವುದೋ, ಅದು ಆಗ ನನಗೆ ಸಣ್ಣ ವಿಷಯವಾಗಿ ಕಂಡಿತು.

"ಪೂರ್ತಿ ಓದು," ಎಂದೆ. "ಅವಳ ಹೆಸರನ್ನ ಜೋರಾಗಿ ಹೇಳು."

ಅವನು ಮೊದಲಿನಿಂದ ಓದಿದ. ಮೆಲಿತ್ತ ಎಂಬ ಹೆಸರು ಆ ಖಾಲಿ ಕೋಣೆಯಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಿ ಬಂತು. ಬಾಗಿಲ ಬಳಿ ವಾಯಾ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡಳು.